ಮಳೆಗಾಲಕ್ಕೆ ಮೊದಲು ಊರಿನ ವಿದ್ಯುತ್ ಸುರಕ್ಷತೆ: ಮನೆಯ ಮೇನ್ ಬೋರ್ಡಿನಿಂದ ಬೀದಿಯ ಕಂಬದವರೆಗೆ

2023ರ ನವೆಂಬರ್ 19ರಂದು ಇನ್ನೂ ಬೆಳಕು ಹರಿಯುವ ಮುನ್ನ, ಬೆಂಗಳೂರಿನ ಹೋಪ್‌ಫಾರ್ಮ್ ವೃತ್ತದ ಬಳಿ ಪಾದಚಾರಿ ಮಾರ್ಗದಲ್ಲಿ ತುಂಡಾಗಿ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಯುವ ತಾಯಿಯೊಬ್ಬರು ಮತ್ತು ಅವರ ಒಂಬತ್ತು ತಿಂಗಳ ಮಗು ಸುಟ್ಟು ಸತ್ತರು. ಎರಡು ತಿಂಗಳೊಳಗೆ, 2024ರ ಜನವರಿಯಲ್ಲಿ, ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದಾಗ ಅದು ತಂತಿಗೆ ತಗುಲಿ ಮೂವರು ಯುವಕರು ಪ್ರಾಣ ಕಳೆದುಕೊಂಡರು. ಇಂಥವು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ. ಬಚ್ಚಲಲ್ಲಿ, ಪಂಪ್‌ಸೆಟ್ ಪಕ್ಕದಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಆಗುವ ಸಾವುಗಳು ಒಳಪುಟದ ನಾಲ್ಕು ಸಾಲಿನಲ್ಲಿ ಮುಗಿಯುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸತ್ತಿದ್ದಾರೆ.

ಈ ಮಾರ್ಗದರ್ಶಿ ಬರೆದಿರುವುದು ತಮ್ಮ ಮನೆಯನ್ನಷ್ಟೇ ಅಲ್ಲ, ತಮ್ಮ ಬೀದಿ ಅಥವಾ ಊರನ್ನೂ ಸುರಕ್ಷಿತವಾಗಿಡಲು ಬಯಸುವವರಿಗೆ: ಶಿಕ್ಷಕರು, ಗ್ರಾಮ ಪಂಚಾಯಿತಿ ಸದಸ್ಯರು, ಬಡಾವಣೆಯ ನಿವಾಸಿಗಳ ಸಂಘದವರು, ಸ್ವಸಹಾಯ ಸಂಘದ ಮಹಿಳೆಯರು, ಯುವಕ ಮಂಡಲದವರು. ಜಾಥಾ, ಭಿತ್ತಿಪತ್ರ, ಪ್ರತಿಜ್ಞಾವಿಧಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಜಾಥಾ ಮುಗಿದ ಮೇಲೂ ಬೋರ್ಡಿನಲ್ಲಿ ಅದೇ ಕೆಟ್ಟ ಫ್ಯೂಸ್ ಇದ್ದರೆ ಏನೂ ಬದಲಾದಂತಾಗಲಿಲ್ಲ. ಪ್ರತಿ ಮನೆಯಲ್ಲಿ ಒಂದು ಗುಂಡಿ ಒತ್ತಿಸಿ ನೋಡುವುದು, ಅಪಾಯದ ಒಂದು ತಂತಿಯನ್ನು ತೆಗೆಸುವುದು, ಊರಿನ ಹತ್ತು ಜನರಿಗಾದರೂ ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಸುವುದು, ಇವು ನಡೆದರೆ ಅದು ಜಾಗೃತಿ. ಕೆಲಸವನ್ನು ಮಾರ್ಚ್ ಕೊನೆಯಲ್ಲಿ ಆರಂಭಿಸಿದರೆ ಏಪ್ರಿಲ್-ಮೇ ತಿಂಗಳ ಗಾಳಿಮಳೆಯ ಹೊತ್ತಿಗೆ ಮುಗಿಸಬಹುದು.

ಮೊದಲ ಹೆಜ್ಜೆ: ಎಷ್ಟು ಕರೆಂಟು ಕೊಲ್ಲುತ್ತದೆ ಎಂಬುದನ್ನು ಅರಿಯಿರಿ

ಇದನ್ನು ನೀವು ತಿಳಿದುಕೊಂಡರೆ ಮಾತ್ರ ಇನ್ನೊಬ್ಬರಿಗೆ ಹೇಳಲು ಸಾಧ್ಯ. ನಮ್ಮ ಮನೆಗೆ ಬರುವುದು 230 ವೋಲ್ಟ್. ಮೈ ಒಣಗಿದ್ದಾಗ ಚರ್ಮ ಕರೆಂಟಿಗೆ ಸಾಕಷ್ಟು ತಡೆ ಒಡ್ಡುತ್ತದೆ. ಒದ್ದೆಯಾದಾಗ ದೇಹದ ತಡೆ ಸುಮಾರು 1,000 ಓಮ್‌ಗೆ ಇಳಿಯುತ್ತದೆ. ಆಗ ಮೈಯ ಮೂಲಕ ಹರಿಯುವುದು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲು ಆಗುವುದಿಲ್ಲ. ಐವತ್ತರಿಂದ ನೂರು ಮಿಲಿಆಂಪಿಯರ್ ಕ್ಷಣಕಾಲ ಎದೆಯ ಮೂಲಕ ಹಾದರೂ ಹೃದಯದ ಬಡಿತ ಲಯ ತಪ್ಪಿ ನಿಂತುಹೋಗಬಹುದು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಉರಿಯಲು ಬೇಕಾಗುವುದೇ ಸುಮಾರು 40 ಮಿಲಿಆಂಪಿಯರ್. ಸಭೆಯಲ್ಲಿ ಆ ಬಲ್ಬನ್ನು ಕೈಯಲ್ಲಿ ಎತ್ತಿ ಹಿಡಿದು ಈ ಲೆಕ್ಕ ಹೇಳಿ, ಜನರ ಮನಸ್ಸಿಗೆ ನಾಟುತ್ತದೆ.

ಈಗ ಇದರ ಪಕ್ಕದಲ್ಲಿ ಫ್ಯೂಸ್ ಮತ್ತು ಎಂಸಿಬಿಯನ್ನು (ಕರೆಂಟು ಮಿತಿ ಮೀರಿದರೆ ತಾನಾಗಿಯೇ ಕೆಳಗೆ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಇಟ್ಟು ನೋಡಿ. ದೀಪಗಳಿಗೆ ಹೋಗುವ ತಂತಿ ಸಾಲಿನ ಎಂಸಿಬಿ ಸಾಮಾನ್ಯವಾಗಿ 6 ಆಂಪಿಯರ್, ಅಂದರೆ 6,000 ಮಿಲಿಆಂಪಿಯರ್. ಗೀಸರ್ ಸಾಲಿನದು 16 ಅಥವಾ 20 ಆಂಪಿಯರ್. ಮನುಷ್ಯ ಸಾಯುವುದಕ್ಕೆ ಸಾಕಾಗುವ ಕರೆಂಟು ಅವುಗಳ ಗಮನಕ್ಕೂ ಬರುವುದಿಲ್ಲ. ಫ್ಯೂಸ್ ಮತ್ತು ಎಂಸಿಬಿ ಇರುವುದು ತಂತಿ ಸುಟ್ಟು ಬೆಂಕಿ ಹತ್ತದಿರಲೆಂದು. ‘ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಬೀಳುತ್ತದೆ’ ಎಂದು ನಂಬಿದವರು ಅಸಂಖ್ಯ. ಈ ಒಂದು ತಪ್ಪು ನಂಬಿಕೆಯನ್ನು ತೊಡೆದುಹಾಕಲು ನೀವು ಎಷ್ಟು ಸಮಯ ಕೊಟ್ಟರೂ ಅದು ಹೆಚ್ಚಲ್ಲ.

ಎರಡನೇ ಹೆಜ್ಜೆ: ಆರ್‌ಸಿಸಿಬಿ ಪರೀಕ್ಷೆ, ಮೊದಲು ನಿಮ್ಮ ಮನೆಯಲ್ಲಿ

ಮನುಷ್ಯನನ್ನು ಉಳಿಸಲೆಂದೇ ಇರುವ ಸಾಧನ ಆರ್‌ಸಿಸಿಬಿ. ಹಳಬರು, ಅಂಗಡಿಯವರು ಇದನ್ನು ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. ನಿಮ್ಮ ಮೈಯ ಮೂಲಕ ಒಂದಿಷ್ಟು ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ಸೆಕೆಂಡಿನ ಸಣ್ಣ ಭಾಗದಲ್ಲಿ ಅದು ಇಡೀ ಸಂಪರ್ಕವನ್ನು ಕಡಿದುಹಾಕುತ್ತದೆ.

ಮೇನ್ ಬೋರ್ಡಿನ ಮುಚ್ಚಳ ತೆರೆಯಿರಿ. ಎಂಸಿಬಿಗಳಿಗಿಂತ ಅಗಲವಾದ, ಪಕ್ಕದಲ್ಲಿ ಪುಟ್ಟ ಗುಂಡಿಯಿರುವ ಸಾಧನವೊಂದು ಇದೆಯೇ ನೋಡಿ. ಗುಂಡಿಯ ಮೇಲೆ ಇಂಗ್ಲಿಷಿನ ಟಿ ಅಕ್ಷರ ಅಥವಾ ‘ಟೆಸ್ಟ್’ ಎಂದಿರುತ್ತದೆ. ಅದರ ಮೈಮೇಲೆ 30 ಮಿಲಿಆಂಪಿಯರ್ ಎಂದು ಬರೆದಿರಬೇಕು. ನೂರು ಅಥವಾ ಮುನ್ನೂರು ಎಂದಿದ್ದರೆ ಅದು ಬೆಂಕಿ ತಡೆಯಲು ಹಾಕಿದ್ದು, ಮನುಷ್ಯನ ರಕ್ಷಣೆಗೆ ಸಾಲದು.

ಮನೆಯಲ್ಲಿ ಕರೆಂಟು ಇರುವಾಗಲೇ ಪರೀಕ್ಷೆ ಮಾಡಬೇಕು. ಕಂಪ್ಯೂಟರ್ ಆಫ್ ಮಾಡಿ, ಮನೆಯವರಿಗೆ ಹೇಳಿ, ಆ ಗುಂಡಿಯನ್ನು ಒಮ್ಮೆ ಒತ್ತಿ. ಟಕ್ಕೆಂದು ಹಿಡಿಕೆ ಕೆಳಗೆ ಬಿದ್ದು ಮನೆಯೆಲ್ಲ ಕತ್ತಲಾಗಬೇಕು. ಹಾಗಾದರೆ ಅದು ಕೆಲಸ ಮಾಡುತ್ತಿದೆ, ಹಿಡಿಕೆಯನ್ನು ಮೇಲೆತ್ತಿ. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ, ಆ ವಾರವೇ ಬದಲಿಸಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಸಾಧನದ ಒಳಗಿನ ಭಾಗಗಳು ಬಿಗಿದುಕೊಂಡುಬಿಡುತ್ತವೆ. ಮೂರು ತಿಂಗಳಿಗೊಮ್ಮೆಯಾದರೂ ಒತ್ತುವ ಅಭ್ಯಾಸವಿರಲಿ. ಯುಗಾದಿ, ಗಣೇಶ ಚೌತಿ, ದೀಪಾವಳಿ, ಸಂಕ್ರಾಂತಿಗೆ ಮನೆ ಗುಡಿಸಿ ಸಾರಿಸುವಾಗ ಇದನ್ನೂ ಸೇರಿಸಿಕೊಂಡರೆ ಮರೆಯುವುದಿಲ್ಲ.

ಇಲ್ಲದಿದ್ದರೆ ಹಾಕಿಸಿ. ಮನೆಗೆ ಬೇಕಾದ ಐಎಸ್‌ಐ ಗುರುತಿನ ಆರ್‌ಸಿಸಿಬಿಗೆ ಸಾಮಾನ್ಯವಾಗಿ ಎರಡು-ಮೂರು ಸಾವಿರ ರೂಪಾಯಿ ಆಗುತ್ತದೆ, ಒಂದು ಸಾಧಾರಣ ಮೊಬೈಲಿನ ಬೆಲೆಗಿಂತ ಬಹಳ ಕಡಿಮೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನೇ ಕರೆಸಿ. ಹೊಸದಾಗಿ ಹಾಕಿದ ಮೇಲೆ ಪದೇ ಪದೇ ಬೀಳುತ್ತಿದ್ದರೆ ಕೆಲವರು ‘ಇದರ ಕಾಟ ಸಾಕು’ ಎಂದು ಅದನ್ನು ತೆಗೆಸಿ ತಂತಿಗಳನ್ನು ನೇರವಾಗಿ ಜೋಡಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುತ್ತಿದೆ ಎಂದರೆ ಮನೆಯಲ್ಲಿ ಎಲ್ಲೋ ಸೋರಿಕೆ ಇದೆ. ಎಲ್ಲ ಎಂಸಿಬಿಗಳನ್ನೂ ಇಳಿಸಿ, ಆರ್‌ಸಿಸಿಬಿಯನ್ನು ಏರಿಸಿ, ಒಂದೊಂದೇ ಎಂಸಿಬಿಯನ್ನು ಮೇಲೆತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೆಯೋ ಆ ಸಾಲಿನಲ್ಲಿ ದೋಷವಿದೆ. ಬಹಳ ಸಲ ಅದು ಹಳೆಯ ಗೀಸರ್, ಮೋಟಾರ್ ಅಥವಾ ಮಳೆನೀರು ಇಳಿಯುವ ಗೋಡೆಯ ಸ್ವಿಚ್ ಆಗಿರುತ್ತದೆ. ದೋಷದ ಸಾಲು ಯಾವುದೆಂದು ಸಿಗದೆ ಮತ್ತೂ ಬೀಳುತ್ತಿದ್ದರೆ ನ್ಯೂಟ್ರಲ್ ಜೋಡಣೆಯನ್ನು ಎಲೆಕ್ಟ್ರಿಷಿಯನ್ ನೋಡಬೇಕು.

ಎರಡು ಮಿತಿಗಳನ್ನು ಹೇಳದೆ ಬಿಡಬಾರದು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿ ಉಳಿಸಲಾರದು, ಏಕೆಂದರೆ ಅದರ ಲೆಕ್ಕದಲ್ಲಿ ಕರೆಂಟು ಸರಿಯಾಗಿಯೇ ವಾಪಸ್ ಬರುತ್ತಿದೆ. ಹಾಗೆಯೇ ಅಧಿಕ ಭಾರದಿಂದ ತಂತಿ ಸುಡುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ಎಂಸಿಬಿ ಜೊತೆಗಿರಲೇಬೇಕು.

ಬಾಡಿಗೆ ಮನೆಯವರು ಮಾಲೀಕರನ್ನು ಕೇಳಲು ಹಿಂಜರಿಯುತ್ತಾರೆ. ಇಲ್ಲಿ ನಿವಾಸಿಗಳ ಸಂಘ ಅಥವಾ ಪಂಚಾಯಿತಿಯ ಮಾತಿಗೆ ತೂಕವಿದೆ: ಬೀದಿಯ ಎಲ್ಲ ಮಾಲೀಕರಿಗೂ ಒಟ್ಟಿಗೆ ಹೇಳಿದರೆ ಯಾವ ಬಾಡಿಗೆದಾರನೂ ಒಂಟಿಯಾಗಿ ಕೇಳಬೇಕಾಗುವುದಿಲ್ಲ.

ಮೂರನೇ ಹೆಜ್ಜೆ: ಅರ್ಥಿಂಗ್ ಮತ್ತು ಫ್ಯೂಸ್

ಗ್ರೈಂಡರ್, ಫ್ರಿಜ್, ಗೀಸರ್ ಮೊದಲಾದ ಲೋಹದ ಮೈಯ ಉಪಕರಣಗಳಿಗೆ ಮೂರು ಪಿನ್ನಿನ ಪ್ಲಗ್ ಇರುವುದಕ್ಕೆ ಕಾರಣವಿದೆ. ಮೇಲಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ. ಪ್ಲಗ್ ತೂರಿಸುವಾಗ ಮೊದಲು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ) ಸೇರಿ, ಆಮೇಲೆ ಫೇಸ್ ಬರುತ್ತದೆ. ಎರಡು ರಂಧ್ರದ ಸಾಕೆಟ್ಟಿಗೆ ಹೊಂದಲೆಂದು ಆ ಪಿನ್ ಮುರಿದವರ ಮನೆಗಳು ನಿಮಗೆ ಸಿಗುತ್ತವೆ. ಬರಿಯ ತಂತಿಯ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಕಡ್ಡಿ ಸಿಕ್ಕಿಸಿದವರೂ ಸಿಗುತ್ತಾರೆ. ಬೈಯಬೇಡಿ, ಮೂವತ್ತು-ನಲವತ್ತು ರೂಪಾಯಿಯ ಪ್ಲಗ್ಗನ್ನು ಅಲ್ಲೇ ಹಾಕಿಸಿಕೊಡಿ.

ಅರ್ಥ್ ತಂತಿ ನೆಲಕ್ಕೆ ಇಳಿಯುವ ಅರ್ಥಿಂಗ್ ಗುಂಡಿ ಇದ್ದರೆ ಸಾಲದು, ಅದರ ಮಣ್ಣು ತೇವವಾಗಿರಬೇಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ. ಅರ್ಥಿಂಗ್ ಒಂದನ್ನೇ ನಂಬಲೂ ಬಾರದು, ಅದಕ್ಕೊಂದು ಸರಳ ಲೆಕ್ಕ ನೋಡಿ. ನಿಮ್ಮ ಗುಂಡಿಯ ತಡೆ 20 ಓಮ್ ಇದೆ ಎಂದುಕೊಳ್ಳಿ. ಒಣಮಣ್ಣಿನಲ್ಲಿ ಇದು ಅಪರೂಪವೇನಲ್ಲ. ಗೀಸರಿನ ಮೈಗೆ ಫೇಸ್ ತಗುಲಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ, ಗೀಸರಿನ ಮೈ ಕರೆಂಟು ತುಂಬಿಕೊಂಡೇ ಇರುತ್ತದೆ. ಅದೇ ಸಾಲಿಗೆ ಆರ್‌ಸಿಸಿಬಿ ಇದ್ದರೆ ಯಾರೂ ಮುಟ್ಟುವ ಮೊದಲೇ ಅದು ಬಿದ್ದಿರುತ್ತದೆ. ಹಾಗಾಗಿ ಇವೆರಡೂ ಜೊತೆಯಾಗಿ ಇರಬೇಕು.

ಹಳೆಯ ಮನೆಗಳ ಪಿಂಗಾಣಿ ಫ್ಯೂಸ್‌ಗಳಲ್ಲಿ ದಪ್ಪ ತಾಮ್ರದ ಎಳೆಗಳನ್ನು ಕಟ್ಟಿರುವುದು ಸಾಮಾನ್ಯ. ಆ ಫ್ಯೂಸ್ ಎಂದೂ ಸುಡುವುದಿಲ್ಲ, ಬದಲಿಗೆ ಗೋಡೆಯೊಳಗಿನ ತಂತಿ ಸುಡುತ್ತದೆ. ಸಾಧ್ಯವಾದರೆ ಆ ಬೋರ್ಡನ್ನೇ ತೆಗೆಸಿ ಎಂಸಿಬಿ ಹಾಕಿಸಿ.

ನಾಲ್ಕನೇ ಹೆಜ್ಜೆ: ಮನೆ ಮನೆ ಭೇಟಿ

ಇಬ್ಬರು ಹೋಗಿ, ಒಬ್ಬರು ಮಹಿಳೆಯಾಗಿದ್ದರೆ ಒಳ್ಳೆಯದು. ಬಚ್ಚಲು, ಅಡುಗೆಮನೆ, ಹಿತ್ತಿಲು ನೋಡಬೇಕಿರುವುದರಿಂದ ಮನೆಯವರಿಗೆ ಸಂಕೋಚವಾಗಬಾರದು. ಮೊದಲ ದಿನ ಹತ್ತು ಮನೆ ಸಾಕು. ಯಾವುದನ್ನೂ ನೀವೇ ಬಿಚ್ಚಬೇಡಿ. ನೋಡಿ, ಬರೆದುಕೊಳ್ಳಿ, ಹೇಳಿ.

ಹಿತ್ತಿಲಲ್ಲಿ ಮೊದಲು ನೋಡಬೇಕಾದದ್ದು ಬಟ್ಟೆ ಒಣಹಾಕುವ ತಂತಿ. ಕಬ್ಬಿಣದ ತಂತಿಯ ಒಂದು ತುದಿಯನ್ನು ವಿದ್ಯುತ್ ಕಂಬಕ್ಕೋ, ಕಂಬವನ್ನು ಎಳೆದು ಹಿಡಿದಿರುವ ಸ್ಟೇ ವೈರಿಗೋ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಹಾದುಹೋಗುವ ಪೈಪಿಗೋ ಕಟ್ಟಿರುತ್ತಾರೆ. ಸರ್ವಿಸ್ ವೈರಿನ ಕಪ್ಪು ಹೊದಿಕೆ ವರ್ಷಗಳ ಬಿಸಿಲಿಗೆ ಬಿರಿದಿರುತ್ತದೆ. ಗಾಳಿಗೆ ಉಜ್ಜಿ ಉಜ್ಜಿ ಒಂದು ದಿನ ತಂತಿಗೆ ಕರೆಂಟು ಇಳಿಯುತ್ತದೆ. ಒದ್ದೆ ಬಟ್ಟೆ, ಒದ್ದೆ ಕೈ, ಬರಿಗಾಲು. ಒಬ್ಬರನ್ನು ಬಿಡಿಸಲು ಹೋದ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಹೀಗೆ ಒಂದೇ ಮನೆಯ ಹಲವರು ಸಾಯುವುದು ಇಂಥ ತಂತಿಗಳಲ್ಲಿ. ಪರಿಹಾರ ತೀರಾ ಅಗ್ಗ: ನೈಲಾನ್ ಹಗ್ಗ. ನಾಲ್ಕು ಸುತ್ತು ಹಗ್ಗವನ್ನು ನಿಮ್ಮ ಚೀಲದಲ್ಲೇ ಇಟ್ಟುಕೊಂಡು ಹೋಗಿ. ಆದರೆ ಹಳೆಯ ತಂತಿಯನ್ನು ತೆಗೆಯುವ ಮೊದಲು ಮೇನ್ ಆಫ್ ಆಗಿರಬೇಕು, ಮತ್ತು ಅದು ಕಂಬ ಅಥವಾ ಸರ್ವಿಸ್ ವೈರಿಗೆ ತಾಗಿಕೊಂಡಿದ್ದರೆ ಮುಟ್ಟದೆ ಪವರ್‌ಮ್ಯಾನ್‌ರನ್ನು ಕರೆಯಬೇಕು. ಮನೆಯ ಮೇನ್ ಆಫ್ ಮಾಡಿದರೂ ಕಂಬದಿಂದ ಮೀಟರಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ.

ಬಚ್ಚಲಲ್ಲಿ ನೀರು ಕಾಯಿಸುವ ಕಾಯಿಲ್. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಟಿ ನೋಡಬೇಕು. ನೀರು ಬಿಸಿಯಾಯಿತೇ ಎಂದು ಬೆರಳು ಅದ್ದುವುದು ಎಷ್ಟು ಸಹಜವಾಗಿ ಆಗಿಬಿಡುತ್ತದೆಂದರೆ, ನನ್ನ ಸಲಹೆ ಆ ಕಾಯಿಲನ್ನೇ ಬಿಟ್ಟುಬಿಡಿ ಎಂಬುದು. ಗೀಸರ್ ಇರುವ ಮನೆಯಲ್ಲಿ ನೀರು ಕಾದ ಮೇಲೆ ಸ್ವಿಚ್ ಆಫ್ ಮಾಡಿಯೇ ಸ್ನಾನಕ್ಕೆ ಇಳಿಯಲಿ.

ಸ್ವಿಚ್ ಯಾವ ತಂತಿಯಲ್ಲಿದೆ ಎಂಬುದನ್ನು ಎಲೆಕ್ಟ್ರಿಷಿಯನ್ ಬಂದಾಗ ಪರೀಕ್ಷಿಸಲು ಹೇಳಿ. ಅದು ಫೇಸ್‌ನಲ್ಲಿರಬೇಕು. ನ್ಯೂಟ್ರಲ್‌ನಲ್ಲಿ ಹಾಕಿದ್ದರೆ ಬಲ್ಬು ಆರಿದರೂ ಹೋಲ್ಡರಿನಲ್ಲಿ ಕರೆಂಟು ಉಳಿದಿರುತ್ತದೆ. ಇನ್ವರ್ಟರ್ ಇರುವವರು ರಿಪೇರಿ ವೇಳೆ ಮೇನ್ ಆಫ್ ಮಾಡಿದರೆ ಸಾಲದು, ಇನ್ವರ್ಟರನ್ನೂ ಆಫ್ ಮಾಡಬೇಕು. ಮದುವೆಮನೆ, ಅಂಗಡಿಗಳಲ್ಲಿ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಂದನ್ನು ಮಾತ್ರ ಬೋರ್ಡಿಗೆ ಸೇರಿಸುವ ಸ್ವಿಚ್) ಇಲ್ಲದೆ ಬೋರ್ಡಿಗೆ ಜೋಡಿಸಿದರೆ ಕರೆಂಟು ಹಿಂದಕ್ಕೆ ಕಂಬದತ್ತ ಹರಿಯುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಪವರ್‌ಮ್ಯಾನ್ ಪ್ರಾಣ ಅದರಿಂದ ಹೋಗುತ್ತದೆ.

ಐದನೇ ಹೆಜ್ಜೆ: ಹೊಲ, ತೋಟ

ಪಂಪ್‌ಸೆಟ್ ಮನೆಯ ಕರೆಂಟಿಗಿಂತ ಅಪಾಯಕಾರಿ: ಮೂರು ಫೇಸ್, 400 ವೋಲ್ಟಿಗೂ ಮಿಗಿಲು, ಸುತ್ತ ಕೆಸರು, ಹಲವೆಡೆ ಕತ್ತಲ ಹೊತ್ತಿನ ಸರಬರಾಜು. ಸ್ಟಾರ್ಟರ್ ಪೆಟ್ಟಿಗೆಗೆ ಮತ್ತು ಮೋಟಾರಿನ ಮೈಗೆ ಅರ್ಥಿಂಗ್ ಇರಲಿ, ಪೆಟ್ಟಿಗೆಯ ಮುಂದೆ ಒಣ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್ ಇರಲಿ, ಪೆಟ್ಟಿಗೆಯ ಮೇಲೆ ಮಳೆ ಬೀಳದಂತೆ ಮರೆ ಇರಲಿ. ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋದಾಗ ರೈತರೇ ಉದ್ದ ಕೋಲು ಹಿಡಿದು ಹಾಕಲು ಹೋಗುವುದುಂಟು. ಬೆಳೆ ಒಣಗುತ್ತಿರುವಾಗಿನ ಆತುರ ಅರ್ಥವಾಗುತ್ತದೆ, ಆದರೂ ಅದು ಪವರ್‌ಮ್ಯಾನ್ ಕೆಲಸ.

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟದವರೊಂದಿಗೆ ದೋಟಿಯ ಬಗ್ಗೆ ಪ್ರತ್ಯೇಕವಾಗಿ ಮಾತನಾಡಿ. ಕೊಯ್ಲಿಗೆ, ಬೋರ್ಡೊ ದ್ರಾವಣ ಸಿಂಪಡಣೆಗೆ ಬಳಸುವ ಉದ್ದದ ದೋಟಿ ಅಲ್ಯೂಮಿನಿಯಂ ಆದರೆ ಕರೆಂಟು ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿ ಹಗುರ, ನೋಡಲು ಪ್ಲಾಸ್ಟಿಕ್‌ನಂತೆ. ಆದರೆ ಅದರ ಮೂಲಕವೂ ಕರೆಂಟು ಹರಿಯುತ್ತದೆ. ತೋಟದೊಳಗೆ ಲೈನ್ ಹಾದುಹೋಗಿದ್ದರೆ ಅದರ ಎರಡೂ ಬದಿಯಲ್ಲಿ, ದೋಟಿ ವಾಲಿ ಬಿದ್ದರೂ ತಂತಿ ತಲುಪದಷ್ಟು ದೂರದವರೆಗಿನ ಮರಗಳಿಗೆ ಬಣ್ಣ ಬಳಿದು ಗುರುತು ಮಾಡಿ. ಆ ಮರಗಳ ಕೊಯ್ಲನ್ನು ಮೊದಲೇ ಹೇಳಿ ಲೈನ್ ಆಫ್ ಮಾಡಿಸಿಕೊಂಡ ದಿನ ಮಾತ್ರ ಮಾಡಿ. ಬೋರ್‌ವೆಲ್ ಪೈಪ್ ಎತ್ತುವಾಗ, ಹುಲ್ಲು ತುಂಬಿದ ಟ್ರ್ಯಾಕ್ಟರ್ ಸಾಗಿಸುವಾಗಲೂ ಅಪಾಯ ಇದೇ.

ಕಾಡುಹಂದಿ, ಆನೆ ತಡೆಯಲು ಬೇಲಿಗೆ ನೇರವಾಗಿ ಲೈನ್ ಕರೆಂಟು ಕೊಡುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅದು ಪಕ್ಕದ ಹೊಲದವರನ್ನೋ ಬೆಳಗಿನ ಜಾವ ನೀರು ಬಿಡಲು ಹೋದ ನಿಮ್ಮ ಮಗನನ್ನೋ ಕೊಲ್ಲಬಹುದು. ಸೌರ ಬೇಲಿಯ ಯಂತ್ರ ಕ್ಷಣಾರ್ಧದ ಮಿಡಿತಗಳನ್ನಷ್ಟೇ ಕಳಿಸುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ.

ಆರನೇ ಹೆಜ್ಜೆ: ಬೀದಿ ಸಮೀಕ್ಷೆ

ಒಂದು ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಮತ್ತು ಮೊಬೈಲ್ ಹಿಡಿದು ಹೊರಡಿ. ಕಂಬದ ಸಂಖ್ಯೆ, ಹತ್ತಿರದ ಮನೆ ಅಥವಾ ಅಂಗಡಿ, ದೋಷ, ಒಂದು ಚಿತ್ರ. ಹುಡುಕಬೇಕಾದವು: ಜೋತುಬಿದ್ದ ತಂತಿ, ವಾಲಿದ ಕಂಬ, ತಂತಿಗೆ ತಾಗುವ ಕೊಂಬೆ, ಬಾಗಿಲಿಲ್ಲದ ಬೀದಿದೀಪದ ಪೆಟ್ಟಿಗೆ, ಮಕ್ಕಳ ಕೈಗೆಟುಕುವ ತಂತಿ, ಬೇಲಿಯಿಲ್ಲದ ಟಿ.ಸಿ., ಮಳೆಗೆ ನೀರು ನಿಲ್ಲುವ ಜಾಗದಲ್ಲಿರುವ ಕಂಬ. ಮನೆಗಳ ಮೇಲೂ ಕಣ್ಣಿಡಿ. 11 ಕೆ.ವಿ. (11,000 ವೋಲ್ಟ್) ಲೈನಿನಿಂದ ಕಟ್ಟಡ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಕೆಳಗೆ ಕನಿಷ್ಠ 3.7 ಮೀಟರ್ ದೂರ ಇರಬೇಕು. ನಂತರ ಕಟ್ಟಿದ ಬಾಲ್ಕನಿ, ಮಹಡಿಗಳು ಈ ಅಂತರವನ್ನು ನುಂಗಿರುತ್ತವೆ. ಬರಿಗಣ್ಣಿನ ಅಂದಾಜು ಸಾಕು, ಅಳೆಯಲು ಹೋಗಬೇಡಿ.

ಪಟ್ಟಿಯನ್ನು ಬರವಣಿಗೆಯಲ್ಲಿ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತಿನದಕ್ಕೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಹದಿನೈದು ದಿನದಲ್ಲಿ ಕೆಲಸ ಆಗದಿದ್ದರೆ ಅದೇ ಪಟ್ಟಿಯೊಂದಿಗೆ ಉಪವಿಭಾಗ ಕಚೇರಿಗೆ ಹೋಗಿ. ಪವರ್‌ಮ್ಯಾನ್‌ಗಳೊಂದಿಗೆ ಜಗಳ ಬೇಡ. ಅವರ ಪ್ರಾಣವೂ ಆ ತಂತಿಯ ಮೇಲೇ ಇದೆ, ಮತ್ತು ಸರಿಯಾದ ಪಟ್ಟಿ ಕೊಟ್ಟರೆ ಅವರಿಗೂ ಮೇಲಧಿಕಾರಿಗಳಿಂದ ಸಾಮಗ್ರಿ ಕೇಳಲು ಆಧಾರ ಸಿಗುತ್ತದೆ.

ಏಳನೇ ಹೆಜ್ಜೆ: ಸಭೆ

ಈಗ ಸಭೆ ಕರೆಯಿರಿ, ಏಕೆಂದರೆ ಈಗ ನಿಮ್ಮ ಬಳಿ ಹೇಳಲು ಊರಿನದೇ ಸಂಗತಿಗಳಿವೆ. ಸೆಕ್ಷನ್ ಕಚೇರಿಯ ಎಂಜಿನಿಯರ್, ಪವರ್‌ಮ್ಯಾನ್, ಆರೋಗ್ಯ ಕೇಂದ್ರದ ವೈದ್ಯರು ಅಥವಾ ಶುಶ್ರೂಷಕಿ, ಇಷ್ಟು ಜನ ಇರಲಿ. ಭಾಷಣ ಅರ್ಧ ಗಂಟೆ ಮೀರದಿರಲಿ. ಕರೆಂಟಿನ ಶಾಕ್ ತೋರಿಸುವ ಯಾವ ಪ್ರಾತ್ಯಕ್ಷಿಕೆಯೂ ಬೇಡ.

ಗಣೇಶೋತ್ಸವ, ಜಾತ್ರೆ, ರಾಜ್ಯೋತ್ಸವ ಸಮಿತಿಗಳ ಹುಡುಗರನ್ನು ತಪ್ಪದೆ ಕರೆಯಿರಿ. ತಂತಿಯ ಕೆಳಗೆ ಕಟೌಟ್, ಧ್ವಜಕಂಬ, ಫ್ಲೆಕ್ಸ್ ನಿಲ್ಲಿಸಬಾರದು. ಪೆಂಡಾಲಿಗೆ ಕಂಬದಿಂದ ಕೊಕ್ಕೆ ಹಾಕದೆ ತಾತ್ಕಾಲಿಕ ಸಂಪರ್ಕ ಪಡೆದು, ಅದಕ್ಕೂ ಆರ್‌ಸಿಸಿಬಿ ಹಾಕಬೇಕು. ಮೆರವಣಿಗೆ ಅಥವಾ ತೇರಿನ ದಾರಿಯ ತಂತಿಗಳ ಎತ್ತರವನ್ನು ಎಂಜಿನಿಯರ್ ಮೊದಲೇ ನೋಡಿ, ಆ ಹೊತ್ತಿಗೆ ಲೈನ್ ಆಫ್ ಮಾಡಿಸಬೇಕು. ಸೂರಣಗಿಯ ಆ ಯುವಕರೂ ಇವರ ವಯಸ್ಸಿನವರೇ. ಇದನ್ನು ಹೆದರಿಸಲು ಹೇಳಬೇಡಿ, ಪ್ರೀತಿಯಿಂದ ಹೇಳಿ.

ಶಾಲೆಯ ಮಕ್ಕಳಿಗೆ ಮೂರೇ ಮಾತು: ಬಿದ್ದ ತಂತಿಯ ಹತ್ತಿರ ಹೋಗಬಾರದು, ತಂತಿಗೆ ಸಿಕ್ಕಿದ ಗಾಳಿಪಟ ತೆಗೆಯಬಾರದು, ಮಳೆಯಲ್ಲಿ ಕಂಬ ಮುಟ್ಟಬಾರದು.

ಅವಘಡ ನಡೆದಾಗ

ತಂತಿ ಬಿದ್ದಿದ್ದರೆ ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿ, ಬೇರೆಯವರನ್ನೂ ತಡೆಯಿರಿ, 1912ಕ್ಕೆ ಕರೆ ಮಾಡಿ. ತಂತಿ ಬಿದ್ದ ಜಾಗದ ಸುತ್ತ ನೆಲದಲ್ಲೇ ಕರೆಂಟು ಹರಡಿರುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲುಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಕೆಡವಬಹುದು. ದನಗಳು ಬೇಗ ಸಾಯುವುದಕ್ಕೆ ಅವುಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರವೂ ಕಾರಣ. ನೀವು ಈಗಾಗಲೇ ಹತ್ತಿರವಿದ್ದರೆ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ ತೆವಳಿಸುತ್ತಾ ದೂರ ಸರಿಯಿರಿ. ಕಾರಿನ ಮೇಲೆ ತಂತಿ ಬಿದ್ದರೆ, ಬೆಂಕಿ ಹತ್ತದಿರುವ ತನಕ ಒಳಗೇ ಕುಳಿತಿರಿ.

ಮನೆಯಲ್ಲಿ ಯಾರಾದರೂ ಕರೆಂಟಿಗೆ ಅಂಟಿಕೊಂಡಿದ್ದರೆ ಅವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ತಳ್ಳಿ. ಈ ಉಪಾಯ ಮನೆಯ ಕರೆಂಟಿಗೆ ಮಾತ್ರ, 11 ಕೆ.ವಿ. ಲೈನಿಗೆ ಕೋಲು, ರಬ್ಬರ್ ಚಪ್ಪಲಿ ಯಾವುದೂ ರಕ್ಷಣೆಯಲ್ಲ, ಲೈನ್ ಆಫ್ ಆಗಿದೆ ಎಂದು ಇಲಾಖೆಯವರು ಹೇಳುವವರೆಗೆ ಹತ್ತಿರ ಹೋಗಬೇಡಿ.

ಬಿಡಿಸಿದ ಮೇಲೆ 108ಕ್ಕೆ ಕರೆ ಮಾಡಿಸಿ. ಪ್ರಜ್ಞೆ ಇಲ್ಲದೆ, ಸಹಜ ಉಸಿರಾಟವೂ ಇಲ್ಲದಿದ್ದರೆ ತಕ್ಷಣ ಎದೆ ಒತ್ತಲು ಆರಂಭಿಸಿ. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು; ಮೊಣಕೈ ಮಡಚದೆ ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ. ಆಂಬುಲೆನ್ಸ್ ಬರುವವರೆಗೆ ಅಥವಾ ಉಸಿರಾಟ ಮರಳುವವರೆಗೆ ನಿಲ್ಲಿಸಬೇಡಿ. ದಣಿದರೆ ಇನ್ನೊಬ್ಬರಿಗೆ ಕೊಡಿ. ಮಣ್ಣಿನಲ್ಲಿ ಹೂಳುವುದು, ಅಂಗಾಲು ಉಜ್ಜುವುದು, ಬಾಯಿಗೆ ನೀರು ಹಾಕುವುದು, ಇವೆಲ್ಲ ಉಳಿಸಬಹುದಾದ ನಿಮಿಷಗಳನ್ನು ಕಳೆದುಬಿಡುತ್ತವೆ. ಶಾಕ್ ಹೊಡೆದವರು ಎದ್ದು ಕುಳಿತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಚರ್ಮದ ಮೇಲೆ ಚಿಕ್ಕ ಗಾಯ ಕಂಡರೂ ಒಳಗಿನ ಸ್ನಾಯು ಸುಟ್ಟಿರಬಹುದು.

ಸಾವು ಅಥವಾ ಗಾಯ ಸಂಭವಿಸಿದ್ದರೆ ಸ್ಥಳದ ಚಿತ್ರ ತೆಗೆದಿಡಿ; ತಂತಿ, ಉಪಕರಣಗಳನ್ನು ಅಲ್ಲಿಂದ ಕದಲಿಸಬೇಡಿ. ಪೊಲೀಸರಿಗೂ ಸೆಕ್ಷನ್ ಕಚೇರಿಗೂ ಲಿಖಿತವಾಗಿ ತಿಳಿಸಿ. ವಿದ್ಯುತ್ ಕಾಯ್ದೆ 2003ರ 161ನೇ ಕಲಮಿನ ಪ್ರಕಾರ ಇಂಥ ಅವಘಡವನ್ನು ವಿದ್ಯುತ್ ಪರಿವೀಕ್ಷಕರಿಗೆ ವರದಿ ಮಾಡಬೇಕು, ಅವರು ವಿಚಾರಣೆ ನಡೆಸುತ್ತಾರೆ. ಪರಿಹಾರದ ಅರ್ಜಿಗೆ ಆ ವರದಿಯೇ ಮುಖ್ಯ ಆಧಾರವಾದ್ದರಿಂದ, ಮನೆಯವರು ದುಃಖದಲ್ಲಿರುವಾಗ ಈ ಓಡಾಟವನ್ನು ನಿಮ್ಮ ತಂಡದ ಒಬ್ಬರು ವಹಿಸಿಕೊಳ್ಳಲಿ.